ಹೇಳಿದ ದಿನ ನೀರು ಬರಬೇಕಾದರೆ: ಸಣ್ಣ ಊರುಗಳ ನೀರು ಸರಬರಾಜನ್ನು ಗಟ್ಟಿ ಮಾಡುವ ಬಗೆ

ಹೊಳೆಯಲ್ಲಿ ನೀರಿದೆ, ಟ್ಯಾಂಕೂ ಇದೆ. ಆದರೂ ನಾಲ್ಕು ದಿನಕ್ಕೊಮ್ಮೆ ಬರಬೇಕಾದ ನೀರು ಎಂಟನೇ ದಿನ ಬರುತ್ತದೆ. ಕರ್ನಾಟಕದ ಪುರಸಭೆ, ಪಟ್ಟಣ ಪಂಚಾಯಿತಿ ಊರುಗಳಲ್ಲಿ ಕೇಳಿಬರುವ ದೂರು ಹೆಚ್ಚಾಗಿ ಇದೇ. ನೀರು ಸ್ವಲ್ಪ ಕಡಿಮೆ ಬಂದರೆ ಜನ ಹೇಗೋ ಹೊಂದಿಸಿಕೊಳ್ಳುತ್ತಾರೆ. ಯಾವಾಗ ಬರುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಮಾತ್ರ ಕೂಲಿ ಬಿಟ್ಟು ಮನೆಯಲ್ಲಿ ಕಾಯಬೇಕು, ಟ್ಯಾಂಕರಿಗೆ ದುಡ್ಡು ಸುರಿಯಬೇಕು, ನಡುರಾತ್ರಿ ಎದ್ದು ಕೊಡ ತುಂಬಬೇಕು.

ಇಂಥ ಊರಿನಲ್ಲಿ ಸಭೆ ಸೇರಿದಾಗ ಮೊದಲು ಏಳುವ ಬೇಡಿಕೆ ಹೊಸ ಯೋಜನೆಯದು: ಇನ್ನೊಂದು ಜಾಕ್‌ವೆಲ್ (ಹೊಳೆ ನೀರನ್ನು ಪಂಪಿಗೆ ಒದಗಿಸುವ ದಂಡೆಯ ಬಾವಿ), ದೊಡ್ಡ ಮೋಟರ್, ಮತ್ತೊಂದು ಓವರ್‌ಹೆಡ್ ಟ್ಯಾಂಕ್. ಕೆಲವು ಊರಿಗೆ ಅದು ಬೇಕೇ ಬೇಕು. ಆದರೆ ಈಗಿರುವ ವ್ಯವಸ್ಥೆ ಎಲ್ಲಿ, ಯಾಕೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯದೆ ದೊಡ್ಡ ಪಂಪು ಕೂರಿಸಿದರೆ ಹಳೆಯ ಕೊಳವೆಯಲ್ಲಿ ಒತ್ತಡ ಏರುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ, ತುದಿ ಬಡಾವಣೆಯ ನಲ್ಲಿ ಹಾಗೆಯೇ ಒಣಗಿರುತ್ತದೆ. ಅಳತೆ ಮೊದಲು, ಟೆಂಡರ್ ಆಮೇಲೆ. ನೀರು ಸರಬರಾಜು ನೋಡಿಕೊಳ್ಳುವ ಎಂಜಿನಿಯರ್, ಪಂಪ್ ಆಪರೇಟರ್, ವಾಲ್ವ್‌ಮನ್ ಮತ್ತು ಲೆಕ್ಕ ಕೇಳಬಯಸುವ ವಾರ್ಡ್ ಸದಸ್ಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

ಲೆಕ್ಕಕ್ಕೆ 20,000 ಜನರ ಒಂದು ಊರನ್ನು ಇಟ್ಟುಕೊಳ್ಳೋಣ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಕೇಂದ್ರದ 1999ರ ಕೈಪಿಡಿಯ ಪ್ರಮಾಣ. 135ರ ಲೆಕ್ಕದಲ್ಲಿ ಊರಿಗೆ ದಿನಕ್ಕೆ 27 ಲಕ್ಷ ಲೀಟರ್ ಬೇಕು.

ನಿಂತದ್ದನ್ನು ಬರೆದಿಡುವುದು

ಪಂಪ್‌ಹೌಸಿನ ಲಾಗ್‌ಬುಕ್‌ನಲ್ಲಿ ಪಂಪು ಎಷ್ಟು ಗಂಟೆಗೆ ಚಾಲೂ ಆಯಿತು, ಎಷ್ಟಕ್ಕೆ ಬಂದ್ ಆಯಿತು ಎಂದಿರುತ್ತದೆ. ಯಾಕೆ ಬಂದ್ ಆಯಿತು ಎಂಬ ಕಲಂ ಇರುವುದು ಅಪರೂಪ. ಅದನ್ನು ಸೇರಿಸಿ. ಕಾರಣಗಳಿಗೆ ಆರೇ ಹೆಸರು ಸಾಕು: ಕರೆಂಟು, ಪಂಪು-ಮೋಟರ್, ಮುಖ್ಯ ಕೊಳವೆ, ಮೂಲದಲ್ಲಿ ನೀರಿಲ್ಲ, ಶುದ್ಧೀಕರಣ ಘಟಕ, ಊರೊಳಗಿನ ಜಾಲ. ವಾಲ್ವ್‌ಮನ್ ಕೈಯಲ್ಲೂ ಇಂಥದೇ ಒಂದು ಪುಸ್ತಕವಿರಲಿ: ಯಾವ ಬೀದಿಗೆ ಯಾವ ದಿನ ಬಿಡಬೇಕಿತ್ತು, ಯಾವ ದಿನ ಬಿಟ್ಟಿತು, ಎಷ್ಟು ಹೊತ್ತು.

ಮೂರು ತಿಂಗಳ ನಂತರ ಕೂಡಿಸುವಾಗ ಎಷ್ಟು ಸಲ ನಿಂತಿತು ಎಂದು ಎಣಿಸಬೇಡಿ, ಎಷ್ಟು ಗಂಟೆ ನಿಂತಿತು ಎಂದು ಕೂಡಿಸಿ. ಜಾಲರಿಗೆ ಕಸ ಕಟ್ಟಿ ಪಂಪು ಇಪ್ಪತ್ತು ಸಲ ಅರ್ಧರ್ಧ ಗಂಟೆ ನಿಂತರೆ ಹತ್ತು ಗಂಟೆ. ಒಂದೇ ಸಲ ವೈಂಡಿಂಗ್ ಸುಟ್ಟು ಮೋಟರ್ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದರೆ ನಾಲ್ಕು ದಿನ. ಮೊದಲನೆಯದರ ಬಗ್ಗೆ ದಿನಾ ಗಲಾಟೆಯಾಗುತ್ತದೆ, ಊರನ್ನು ಒಣಗಿಸುವುದು ಎರಡನೆಯದು.

ಪಂಪು ನಿಜಕ್ಕೂ ಎಷ್ಟು ಎತ್ತುತ್ತಿದೆ

ನೇಮ್‌ಪ್ಲೇಟ್ ಮೇಲಿನ ಅಂಕಿ ಪಂಪು ಹೊಸದಿದ್ದಾಗಿನದು. ಫ್ಲೋ ಮೀಟರ್ ಇಲ್ಲದಿದ್ದರೆ ಟ್ಯಾಂಕೇ ಮೀಟರ್. ಮೊದಲು ಟ್ಯಾಂಕಿನ ಒಳಹರಿವು, ಹೊರಹರಿವು ಎರಡೂ ವಾಲ್ವ್ ಮುಚ್ಚಿ ಒಂದು ಗಂಟೆ ಮಟ್ಟ ನೋಡಿ. ಮಟ್ಟ ಇಳಿದರೆ ಟ್ಯಾಂಕ್ ಸೋರುತ್ತಿದೆ ಅಥವಾ ವಾಲ್ವ್ ಪೂರ್ತಿ ಕೂರುತ್ತಿಲ್ಲ. ಎಷ್ಟೋ ಊರುಗಳಲ್ಲಿ ರಾತ್ರಿಯಿಡೀ ನೀರು ಕಳೆಯುವುದು ಇಲ್ಲೇ. ನಂತರ ಹೊರ ವಾಲ್ವ್ ಮುಚ್ಚಿಟ್ಟು ಪಂಪು ನಡೆಸಿ, ಒಂದು ಗಂಟೆಯಲ್ಲಿ ಮಟ್ಟ ಎಷ್ಟು ಏರಿತು ಅಳೆಯಿರಿ. ಮೊದಲು ಕಂಡ ಇಳಿತವನ್ನು ಇದಕ್ಕೆ ಕೂಡಿಸಿಕೊಳ್ಳಿ.

ಒಳವ್ಯಾಸ 12 ಮೀಟರ್ ಇರುವ ದುಂಡು ಟ್ಯಾಂಕಿನ ತಳ 113 ಚದರ ಮೀಟರ್. ಗಂಟೆಗೆ 1.2 ಮೀಟರ್ ಏರಿದರೆ ಪಂಪಿನ ನೀರು ಗಂಟೆಗೆ ಸುಮಾರು 136 ಘನ ಮೀಟರ್, ಅಂದರೆ 1.36 ಲಕ್ಷ ಲೀಟರ್. ನಮ್ಮ ಊರಿನ 27 ಲಕ್ಷ ಲೀಟರ್ ತುಂಬಲು ದಿನಕ್ಕೆ 20 ಗಂಟೆ ಓಡಬೇಕು. ಕರೆಂಟು 16 ಗಂಟೆ ಮಾತ್ರ ಸಿಕ್ಕರೆ ಬರುವುದು 21.7 ಲಕ್ಷ. ಕೊರತೆ ಎಲ್ಲಿ ಹುಟ್ಟುತ್ತಿದೆ ಎಂಬುದು ಈ ಎರಡು ಸಾಲಿನಲ್ಲೇ ಕಾಣುತ್ತದೆ.

ಅದೇ ಗಂಟೆಯಲ್ಲಿ ಕರೆಂಟು ಮೀಟರ್ ಎಷ್ಟು ಯೂನಿಟ್ ತಿರುಗಿತು ಎಂದೂ ಬರೆದುಕೊಳ್ಳಿ. ಘನ ಮೀಟರ್ ಲೆಕ್ಕದ ನೀರನ್ನು ಒಟ್ಟು ಎತ್ತರದಿಂದ (ಮೀಟರಿನಲ್ಲಿ, ಕೊಳವೆಯ ಘರ್ಷಣೆಯೂ ಸೇರಿ) ಗುಣಿಸಿ 367ರಿಂದ ಭಾಗಿಸಿದರೆ ಆ ನೀರೆತ್ತಲು ಬೇಕಾದ ಕನಿಷ್ಠ ಯೂನಿಟ್ ಸಿಗುತ್ತದೆ. 136 × 60 ÷ 367 = 22. ಮೀಟರ್ 40 ತೋರಿಸಿದರೆ ಪಂಪು-ಮೋಟರಿನ ಒಟ್ಟು ದಕ್ಷತೆ ಶೇ. 55. ಇದನ್ನು ಶೇ. 70ಕ್ಕೆ ತಂದರೆ ಗಂಟೆಗೆ 8 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ದಿನಕ್ಕೆ 20 ಗಂಟೆ ಓಡುವ ಪಂಪಿಗೆ ವರ್ಷಕ್ಕೆ ಸುಮಾರು 60,000 ಯೂನಿಟ್. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ), ವೇರ್ ರಿಂಗ್ (ಅದರ ಅಂಚಿನ ಸವೆಯುವ ಬಳೆ) ಬದಲಿಸಲು ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಿ.

ನೀರು ಕಡಿಮೆ ಬರುತ್ತಿದ್ದರೆ ತಪ್ಪು ಪಂಪಿನದೋ ಕೊಳವೆಯದೋ? ಅಡ್ಡ ಕೂರಿಸಿದ ಸೆಂಟ್ರಿಫ್ಯೂಗಲ್ ಪಂಪಿಗೆ ಇದನ್ನು ತಿಳಿಯುವ ಸುಲಭ ಪರೀಕ್ಷೆ ಇದೆ. ಪಂಪಿಗೂ ಡೆಲಿವರಿ ವಾಲ್ವಿಗೂ ನಡುವೆ ಪ್ರೆಷರ್ ಗೇಜ್ ಇರಬೇಕು. ವಾಲ್ವ್ ನಿಧಾನವಾಗಿ ಪೂರ್ತಿ ಮುಚ್ಚಿ, ಒಂದು ನಿಮಿಷ ಮೀರದಂತೆ ಗೇಜ್ ಓದಿ, ತೆರೆಯಿರಿ. ಈ ಒತ್ತಡ ತಯಾರಕರ ನಕ್ಷೆಯಲ್ಲಿರುವಷ್ಟೇ ಇದ್ದರೆ ಪಂಪು ಗಟ್ಟಿಯಾಗಿದೆ, ಅಡ್ಡಿ ಮುಂದಿನ ಕೊಳವೆಯಲ್ಲಿದೆ: ಅರ್ಧ ಮುಚ್ಚಿದ ವಾಲ್ವ್, ಸಿಕ್ಕಿಕೊಂಡ ಗಾಳಿ, ಒಳಗೆ ಕಟ್ಟಿದ ಕಿಟ್ಟ. ಒತ್ತಡ ಸಾಕಷ್ಟು ಕಡಿಮೆಯಿದ್ದರೆ ಇಂಪೆಲ್ಲರ್ ಅಥವಾ ವೇರ್ ರಿಂಗ್ ಸವೆದಿದೆ, ಇಲ್ಲವೇ ಗ್ಲ್ಯಾಂಡ್ (ಶಾಫ್ಟ್ ಹೊರಬರುವಲ್ಲಿನ ಬಿಗಿ ಮುಚ್ಚು) ಮೂಲಕ ಗಾಳಿ ಎಳೆಯುತ್ತಿದೆ. ಜಾಕ್‌ವೆಲ್‌ನ ವರ್ಟಿಕಲ್ ಟರ್ಬೈನ್ ಪಂಪಿಗೆ ಈ ಪರೀಕ್ಷೆ ಮಾಡಬೇಡಿ. ಕೆಲವು ಬಗೆಯವು ವಾಲ್ವ್ ಮುಚ್ಚಿದಾಗ ಇನ್ನೂ ಹೆಚ್ಚು ಕರೆಂಟು ಎಳೆದು ಮೋಟರ್ ಸುಡುತ್ತವೆ.

ಕರೆಂಟು

ಪಂಪ್‌ಹೌಸ್ ಊರಿನಿಂದ ದೂರ ಹೊಳೆ ದಂಡೆಯಲ್ಲಿದ್ದು, ಹಳ್ಳಿ ಫೀಡರಿನಿಂದ ಕರೆಂಟು ಪಡೆಯುತ್ತಿದ್ದರೆ ಎಷ್ಟು ಒಳ್ಳೆಯ ಪಂಪಿದ್ದರೂ ಸಾಲದು. ಸಬ್‌ಸ್ಟೇಷನ್ನಿನಿಂದ ನೇರ ಬರುವ 11 ಕೆವಿ ಎಕ್ಸ್‌ಪ್ರೆಸ್ ಫೀಡರ್ ಹಾಕಿಸುವುದೇ ಸರಿಯಾದ ಪರಿಹಾರ. ವಿದ್ಯುತ್ ಕಂಪನಿಗೆ ಮನವಿ ಕೊಡುವಾಗ ಮೂರು ತಿಂಗಳ ಪುಸ್ತಕದಿಂದ ಕರೆಂಟು ಹೋದ ಗಂಟೆಗಳ ಪಟ್ಟಿಯನ್ನು ಲಗತ್ತಿಸಿ. ಬಾಯಿಮಾತಿನ ದೂರಿಗಿಂತ ಆ ಪಟ್ಟಿಗೆ ತೂಕ ಹೆಚ್ಚು.

ಮೋಟರ್ ಸುಡುವುದಕ್ಕೆ ಜನ ಕಡಿಮೆ ವೋಲ್ಟೇಜನ್ನು ದೂರುತ್ತಾರೆ. ಅದಕ್ಕಿಂತ ಸದ್ದಿಲ್ಲದೆ ಸುಡುವುದು ಮೂರು ಫೇಸ್‌ಗಳ ನಡುವಿನ ಅಸಮತೋಲನ. ಮೂರೂ ಜೋಡಿ ಫೇಸ್ ನಡುವೆ ಅಳೆದಾಗ 415, 400, 385 ಬಂತೆನ್ನಿ. ಸರಾಸರಿ 400, ಸರಾಸರಿಯಿಂದ ಅತಿ ಹೆಚ್ಚಿನ ವ್ಯತ್ಯಾಸ 15, ಅಂದರೆ ಶೇ. 3.75. ಆ ಶೇಕಡಾವಾರನ್ನು ಅದರಿಂದಲೇ ಗುಣಿಸಿ ಎರಡು ಪಟ್ಟು ಮಾಡಿದರೆ ವೈಂಡಿಂಗಿನ ಶಾಖ ಶೇಕಡಾ ಎಷ್ಟು ಹೆಚ್ಚುತ್ತದೆ ಎಂಬ ಅಂದಾಜು ಸಿಗುತ್ತದೆ: ಇಲ್ಲಿ ಸುಮಾರು ಶೇ. 28. ಮೋಟರ್ ಓಡುತ್ತಲೇ ಇರುತ್ತದೆ, ಇನ್ಸುಲೇಷನ್ ದಿನದಿಂದ ದಿನಕ್ಕೆ ಕರಕಲಾಗುತ್ತದೆ. ಶೇ. 5 ದಾಟಿದರೆ ಓಡಿಸಲೇಬಾರದು. ಟಿಸಿಯ (ಟ್ರಾನ್ಸ್‌ಫಾರ್ಮರಿನ) ಸಡಿಲ ಲಗ್ಗು, ಸುಟ್ಟ ಫ್ಯೂಸ್ ಕ್ಯಾರಿಯರ್, ತುಕ್ಕು ಹಿಡಿದ ಜಾಯಿಂಟ್ ಸಾಮಾನ್ಯವಾಗಿ ಇದಕ್ಕೆ ಕಾರಣ.

ಪ್ಯಾನಲ್ ಬೋರ್ಡಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವುದು), ಡ್ರೈ ರನ್ ರಕ್ಷಣೆ (ನೀರಿಲ್ಲದೆ ಓಡಿದರೆ ನಿಲ್ಲಿಸುವುದು), ನೇಮ್‌ಪ್ಲೇಟಿನ ಆಂಪಿಯರ್‌ಗೆ ಸರಿಯಾಗಿ ಕೂರಿಸಿದ ಓವರ್‌ಲೋಡ್ ರಿಲೇ ಮೂರೂ ಇರಬೇಕು. ಪದೇಪದೇ ಟ್ರಿಪ್ ಆಗುತ್ತದೆಂದು ರಿಲೇ ಸೆಟ್ಟಿಂಗ್ ಏರಿಸುವುದು, ಪ್ರಿವೆಂಟರನ್ನು ಬೈಪಾಸ್ ಮಾಡುವುದು ನಡೆಯುತ್ತಲೇ ಇರುತ್ತದೆ. ಟ್ರಿಪ್ ಆಗುವುದು ಮೋಟರ್ ತನಗೆ ತೊಂದರೆಯಿದೆ ಎಂದು ಹೇಳುವ ಬಗೆ, ಅದರ ಬಾಯಿ ಮುಚ್ಚಿಸಬೇಡಿ. ಕರೆಂಟು ಹೋಗಿ ಬಂದ ಕೂಡಲೇ ಸ್ವಿಚ್ ಒತ್ತುವುದೂ ಅಪಾಯ. ಕೊಳವೆಯ ನೀರು ಹಿಂದಕ್ಕೆ ಇಳಿಯುತ್ತ ಪಂಪನ್ನು ಹಿಮ್ಮುಖ ತಿರುಗಿಸುತ್ತಿದ್ದರೆ ಆ ಕ್ಷಣ ಚಾಲೂ ಮಾಡಿದಾಗ ಶಾಫ್ಟ್ ಮುರಿಯುತ್ತದೆ. ಮರುಚಾಲನೆಗೆ ಐದು ನಿಮಿಷ ತಡೆಯುವ ಟೈಮರ್ ಹಾಕಿ.

ಎರಡು ಪಂಪುಗಳಿದ್ದೂ ಒಂದನ್ನೇ ವರ್ಷಗಟ್ಟಲೆ ಓಡಿಸಿ ಇನ್ನೊಂದನ್ನು ಹೊದಿಸಿಟ್ಟರೆ ಅದು ಸ್ಟ್ಯಾಂಡ್‌ಬೈ ಅಲ್ಲ. ಗ್ಲ್ಯಾಂಡ್ ಪ್ಯಾಕಿಂಗ್ ಒಣಗಿರುತ್ತದೆ, ಬೇರಿಂಗ್ ಕಚ್ಚಿಕೊಂಡಿರುತ್ತದೆ, ವೈಂಡಿಂಗ್ ತೇವ ಕುಡಿದಿರುತ್ತದೆ. ವಾರಕ್ಕೊಮ್ಮೆ ಸರದಿ ಬದಲಿಸಿ. ಬಹಳ ದಿನ ನಿಂತ ಮೋಟರಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಉಪಕರಣ) ಹಾಕಿ. 1.5 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸದೆ ಚಾಲೂ ಮಾಡಬೇಡಿ.

ಮುಖ್ಯ ಕೊಳವೆ

ಹೊಳೆಯಿಂದ ಊರಿಗೆ ಬರುವ ರೈಸಿಂಗ್ ಮೇನ್ 300 ಮಿಮೀ ವ್ಯಾಸದ್ದು, ಉದ್ದ 12 ಕಿಮೀ ಎನ್ನೋಣ. ಒಂದು ಮೀಟರ್ ಕೊಳವೆಯಲ್ಲಿ 70 ಲೀಟರ್‌ಗಿಂತ ಹೆಚ್ಚು ನೀರಿರುತ್ತದೆ, ಇಡೀ ಕೊಳವೆಯಲ್ಲಿ ಸುಮಾರು 8.5 ಲಕ್ಷ ಲೀಟರ್. ನಡುವೆ ಎಲ್ಲೂ ಹರಿವು ತಡೆಯುವ ಸ್ಲೂಸ್ ವಾಲ್ವ್ ಇಲ್ಲದಿದ್ದರೆ ಒಂದು ಜಾಯಿಂಟ್ ಕೂರಿಸಲು ಹೆಚ್ಚಿನ ನೀರನ್ನು ಹೊಲಕ್ಕೆ ಬಿಡಬೇಕು. ರಿಪೇರಿ ಎರಡು ಗಂಟೆಯಲ್ಲಿ ಮುಗಿದರೂ ಮತ್ತೆ ತುಂಬಲು ಪಂಪಿಗೆ ಆರು ಗಂಟೆ ಬೇಕು. ಎರಡು-ಮೂರು ಕಿಲೋಮೀಟರಿಗೊಂದು ವಾಲ್ವ್, ತಗ್ಗುಗಳಲ್ಲಿ ಕೊಳವೆ ಖಾಲಿ ಮಾಡುವ ಸ್ಕೌರ್ ವಾಲ್ವ್ ಹಾಕಿಸುವುದು ಹೊಸ ಟ್ಯಾಂಕಿಗಿಂತ ಅಗ್ಗ, ಫಲವೂ ಬೇಗ.

ಖಾಲಿ ಕೊಳವೆಯನ್ನು ಪೂರ್ತಿ ರಭಸದಲ್ಲಿ ತುಂಬುವುದು ಮತ್ತೊಂದು ಒಡೆತಕ್ಕೆ ದಾರಿ. ಡೆಲಿವರಿ ವಾಲ್ವನ್ನು ಭಾಗಶಃ ತೆರೆದು ವೇಗ ಸೆಕೆಂಡಿಗೆ 0.3 ಮೀಟರ್ ಮೀರದಂತೆ ತುಂಬಿ. 300 ಮಿಮೀ ಕೊಳವೆಗೆ ಅದು ಸೆಕೆಂಡಿಗೆ ಸುಮಾರು 21 ಲೀಟರ್. ಹೀಗೆ ತುಂಬಿದರೆ ಆರು ಗಂಟೆ ಹನ್ನೊಂದಾಗುತ್ತದೆ. ಆ ಹೊತ್ತನ್ನು ಉಳಿಸಲು ಹೋದವರು ಮರುದಿನ ಮತ್ತೆ ಗುಂಡಿ ತೋಡುತ್ತಾರೆ.

ಹಠಾತ್ತನೆ ಕರೆಂಟು ಹೋದಾಗ ಕೊಳವೆ ಒಡೆಯುವುದು ವಾಟರ್ ಹ್ಯಾಮರ್‌ನಿಂದ. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುತ್ತಿದ್ದ ನೀರು ಒಮ್ಮೆಗೇ ನಿಂತರೆ 100 ಮೀಟರ್ ನೀರಿನ ಎತ್ತರಕ್ಕೂ ಮಿಕ್ಕಿದ ಒತ್ತಡ ಮೇಲೇಳುತ್ತದೆ. ಮೊದಲು ಒತ್ತಡ ಬೀಳುತ್ತದೆ, ದಿಬ್ಬದ ಮೇಲೆ ನೀರಿನ ಕಂಬ ತುಂಡಾಗುತ್ತದೆ, ಆಮೇಲೆ ಎರಡೂ ಕಡೆಯ ನೀರು ಬಂದು ಡಿಕ್ಕಿ ಹೊಡೆಯುತ್ತದೆ. ಒಂದೇ ಜಾಗದಲ್ಲಿ ಪದೇಪದೇ ಒಡೆಯುತ್ತಿದ್ದರೆ ಕೊಳವೆ ಕಳಪೆ ಎಂದು ಬೈಯುವ ಮೊದಲು, ಕೊಳವೆಯ ಗಾಳಿಯನ್ನು ಹೊರಗೂ ಒಳಗೂ ಬಿಡುವ, ಹತ್ತಿರದ ದಿಬ್ಬದ ಏರ್‌ವಾಲ್ವ್ ನೋಡಿ.

ಏರ್‌ವಾಲ್ವ್ ನೋಡುವುದು ಹೀಗೆ. ಪಂಪು ಚಾಲೂ ಆಗುವ ಹೊತ್ತಿಗೆ ಅದರ ಪಕ್ಕದಲ್ಲಿರಿ. ಮೊದಲು ಬುಸ್ ಎಂದು ಗಾಳಿ ಬರಬೇಕು, ನಂತರ ಒಂದಿಷ್ಟು ನೀರು ಚಿಮ್ಮಿ, ಒಳಗಿನ ಚೆಂಡು ಟಕ್ಕನೆ ಕೂತು ಬಂದ್ ಆಗಬೇಕು. ಗಾಳಿಯೇ ಬರದಿದ್ದರೆ ಬಾಯಿ ಕಟ್ಟಿದೆ ಅಥವಾ ಕೆಳಗಿನ ಐಸೊಲೇಟಿಂಗ್ ವಾಲ್ವನ್ನು ಯಾರೋ ಮುಚ್ಚಿದ್ದಾರೆ. ನೀರು ನಿಲ್ಲದಿದ್ದರೆ ಚೆಂಡು ಸವೆದಿದೆ, ಇಲ್ಲವೇ ಯಾರೋ ಕಡ್ಡಿ ತೂರಿಸಿದ್ದಾರೆ. ಕುರಿ-ದನಗಳಿಗೆ, ಹೊಲದಲ್ಲಿ ಕೆಲಸ ಮಾಡುವವರಿಗೆ ನೀರು ಬೇಕಾದಾಗ ಏರ್‌ವಾಲ್ವ್ ಬಿಚ್ಚುತ್ತಾರೆ. ಬೀಗ ಹಾಕಿದರೆ ಬೀಗ ಒಡೆಯುತ್ತಾರೆ. ಅಂಥ ಜಾಗದಲ್ಲಿ ಅರ್ಧ ಇಂಚಿನ ಒಂದು ಸಂಪರ್ಕ ಕೊಟ್ಟು ನಲ್ಲಿ, ದನದ ತೊಟ್ಟಿ ಕಟ್ಟಿಸುವುದೇ ಮೇಲು. ಕೊಳವೆ ಹಾದುಹೋಗುವ ಹಳ್ಳಿಯವರಿಗೂ ಬಾಯಾರಿಕೆಯಿದೆ, ಕಣ್ಣೆದುರೇ ಹರಿಯುವ ನೀರಿನಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕು.

ಸ್ಟೋರಿನಲ್ಲಿ ಪ್ರತಿ ವ್ಯಾಸಕ್ಕೆ ಎರಡು ಪೂರ್ತಿ ಕೊಳವೆ, ಎರಡು ಮೆಕ್ಯಾನಿಕಲ್ ಜಾಯಿಂಟ್, ಎರಡು ರಿಪೇರಿ ಕ್ಲಾಂಪ್, ಅವಕ್ಕೆ ಬೇಕಾದ ರಬ್ಬರ್ ರಿಂಗ್, ಬೋಲ್ಟು ಸದಾ ಇರಲಿ. ಹಳೆಯ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಕೊಳವೆ ಇರುವ ಊರಿನಲ್ಲಿ ಇದು ಇನ್ನೂ ಮುಖ್ಯ. ಆ ಕೊಳವೆಗಳ ಹೊರವ್ಯಾಸ ಬೇರೆ, ಪೇಟೆಯಲ್ಲಿ ಹೋದ ತಕ್ಷಣ ಹೊಂದುವ ಜಾಯಿಂಟ್ ಸಿಗುವುದಿಲ್ಲ. ಎಸಿ ಕೊಳವೆಯನ್ನು ಒಣಗಿದ್ದಾಗ ಕಟರಿನಿಂದ ಕೊಯ್ಯಬೇಡಿ. ಅದರ ದೂಳಿನಲ್ಲಿ ಆಸ್ಬೆಸ್ಟಾಸ್ ಇದೆ. ನೀರು ಹಾಕುತ್ತ ಕೈಗರಗಸದಲ್ಲಿ ಕತ್ತರಿಸಿ.

ಮೂಲ: ಬೇಸಿಗೆಯ ಕಟ್ಟೆ, ಮಳೆಗಾಲದ ಕೆಸರು

ತುಂಗಭದ್ರಾ, ಭದ್ರಾ ಕಾಲುವೆಗಳನ್ನು ನಂಬಿದ ಊರುಗಳಿಗೆ ಬೇಸಿಗೆಯಲ್ಲಿ ಕಾಲುವೆ ನಿಲ್ಲುತ್ತದೆ. ದಾವಣಗೆರೆಗೆ ಕುಂದವಾಡ ಕೆರೆ ಇರುವಂತೆ ಅಲ್ಲೆಲ್ಲ ನೀರು ತುಂಬಿಟ್ಟುಕೊಳ್ಳುವ ಕೆರೆ ಬೇಕು. ನಮ್ಮ ಊರಿಗೆ 60 ದಿನಕ್ಕೆ 1.62 ಲಕ್ಷ ಘನ ಮೀಟರ್ ಬೇಕಾಗುತ್ತದೆ. ನಾಲ್ಕು ಮೀಟರ್ ಆಳವಿದ್ದರೆ ಸುಮಾರು 10 ಎಕರೆ ಕೆರೆ. ದಿನಕ್ಕೆ 7 ಮಿಮೀ ಆವಿಯಾದರೂ 60 ದಿನದಲ್ಲಿ 17,000 ಘನ ಮೀಟರ್, ಅಂದರೆ ಆರು ದಿನದ ನೀರು, ಬಿಸಿಲಿಗೆ ಹೋಗುತ್ತದೆ. ಇಂಗುವುದು ಬೇರೆ. ಕೆರೆಯ ಕಾಗದದ ಸಾಮರ್ಥ್ಯವನ್ನು ನಂಬದೆ ತೆಪ್ಪದಲ್ಲಿ ಹೋಗಿ ಗುಂಡು ಕಟ್ಟಿದ ಹಗ್ಗ ಇಳಿಸಿ ಹೂಳಿನ ಮೇಲಿನ ಆಳ ಅಳೆಯಿರಿ. ಕಾಲುವೆ ನಿಲ್ಲುವ ತಿಂಗಳ ಮೊದಲೇ ಈ ಅಳತೆ ಆಗಿರಬೇಕು, ಆಗ ಸರದಿಯನ್ನು ಮೊದಲಿನಿಂದಲೇ ಹಿಗ್ಗಿಸಿ ಮೇ ತಿಂಗಳನ್ನು ದಾಟಬಹುದು.

ಮಲೆನಾಡಿನ ಹೊಳೆ ನೀರು ಕುಡಿಯುವ ಊರುಗಳಿಗೆ ತೊಂದರೆ ಜೂನ್-ಜುಲೈನಲ್ಲಿ. ಕೆಂಪು ನೀರು ಬಂದಾಗ ಅದನ್ನು ತಿಳಿಗೊಳಿಸುವ ಆಲಂ (ಪಟಿಕ) ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಏರಿಸುವುದು ಬೇಡ, ಜಾರ್ ಪರೀಕ್ಷೆ ಮಾಡಿ. 10 ಗ್ರಾಂ ಆಲಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಅದರ ಒಂದು ಮಿಲಿಲೀಟರನ್ನು ಒಂದು ಲೀಟರ್ ಹೊಳೆ ನೀರಿಗೆ ಹಾಕಿದರೆ ಲೀಟರಿಗೆ 10 ಮಿಲಿಗ್ರಾಂ ಹಾಕಿದಂತೆ. ಆರು ಜಾರಿಗೆ 10ರಿಂದ 60ರವರೆಗೆ ಹಾಕಿ, ಒಂದು ನಿಮಿಷ ಜೋರಾಗಿ, ಇಪ್ಪತ್ತು ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಡಿ. ತಿಳಿಯಾದ ಜಾರುಗಳಲ್ಲಿ ಅತಿ ಕಡಿಮೆ ಆಲಂ ಇರುವುದೇ ಆ ದಿನದ ಪ್ರಮಾಣ. 25 ಮಿಲಿಗ್ರಾಂ ಬಂದರೆ 27 ಲಕ್ಷ ಲೀಟರಿಗೆ ದಿನಕ್ಕೆ 67.5 ಕೆಜಿ. ಎಷ್ಟು ಹಾಕಿದರೂ ಗಡ್ಡೆ ಕಟ್ಟದಿದ್ದರೆ ನೀರಿನ ಕ್ಷಾರತೆ ಸಾಲುತ್ತಿಲ್ಲ, ಸ್ವಲ್ಪ ಸುಣ್ಣ ಸೇರಿಸಬೇಕು. ಮಳೆ ನೀರೇ ತುಂಬಿ ಹರಿಯುವ ಹೊಳೆಗಳಲ್ಲಿ ಇದು ಸಾಮಾನ್ಯ.

ಊರೊಳಗಿನ ಜಾಲ

ಟ್ಯಾಂಕಿನವರೆಗೆ ನೀರು ಬಂದು, ಬೀದಿಗೆ ತಲುಪದಿದ್ದರೆ ಅದರ ಹಿಂದೆ ನೂರು ಕಾರಣಗಳಿರುತ್ತವೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಲಾಗದು, ಊರನ್ನು ತುಂಡು ಮಾಡಬೇಕು.

ಮೊದಲು ವಾಲ್ವ್‌ಗಳನ್ನು ಹುಡುಕಿ. ಕೊಳವೆಯ ನಿಜವಾದ ನಕ್ಷೆ ಹಳೆಯ ವಾಲ್ವ್‌ಮನ್ ತಲೆಯಲ್ಲಿರುತ್ತದೆ, ಆತ ನಿವೃತ್ತನಾದರೆ ನಕ್ಷೆಯೂ ಹೋಯಿತು. ಅವರನ್ನು ಜೊತೆಗೆ ಕರೆದುಕೊಂಡು ಬೀದಿ ಬೀದಿ ನಡೆದು, ಪ್ರತಿ ವಾಲ್ವಿನ ಜಾಗ, ವ್ಯಾಸ, ಪೂರ್ತಿ ಮುಚ್ಚಲು ಎಷ್ಟು ಸುತ್ತು, ಯಾವ ಕಡೆಗೆ ತಿರುಗಿಸಬೇಕು, ಮುಚ್ಚಿದರೆ ಯಾವ ಮನೆಗಳಿಗೆ ನೀರು ನಿಲ್ಲುತ್ತದೆ ಎಂದು ಕಾರ್ಡಿನಲ್ಲಿ ಬರೆಯಿರಿ. ಡಾಂಬರು, ಕಾಂಕ್ರೀಟ್ ಹಾಕುವಾಗ ಮುಚ್ಚಿಹೋದ ಚೇಂಬರ್‌ಗಳನ್ನು ತೆರೆಸಿ ರಸ್ತೆ ಮಟ್ಟಕ್ಕೆ ಏರಿಸಿ. ರಸ್ತೆ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕುವ ಮೊದಲು ಚೇಂಬರ್ ಕಾಣುತ್ತಿದೆಯೇ ಎಂದು ನೋಡುವ ನಿಯಮ ಮಾಡಿಕೊಂಡರೆ ಮುಂದೆ ಈ ಕೆಲಸವೇ ಬರುವುದಿಲ್ಲ. ವರ್ಷಕ್ಕೆ ಎರಡು ಸಲ ಪ್ರತಿ ವಾಲ್ವನ್ನು ಪೂರ್ತಿ ತಿರುಗಿಸಿ. ಬರೆದಿಟ್ಟದ್ದಕ್ಕಿಂತ ಕಡಿಮೆ ಸುತ್ತಿಗೇ ನಿಂತರೆ ಅಡಿಯಲ್ಲಿ ಕಲ್ಲು-ಮರಳು ಕೂತಿದೆ.

ನಂತರ ಒಂದು ಟ್ಯಾಂಕ್, ಒಂದು ವಲಯ ಎಂಬ ಕ್ರಮಕ್ಕೆ ಬನ್ನಿ. 500ರಿಂದ 1,500 ಸಂಪರ್ಕಗಳ ವಲಯ ಸಣ್ಣ ಊರಿಗೆ ಅನುಕೂಲ. ವಲಯ ನಿಜಕ್ಕೂ ಬೇರ್ಪಟ್ಟಿದೆಯೇ ಎಂದು ತಿಳಿಯಲು ಒಳಬರುವ ವಾಲ್ವ್, ಗಡಿಯ ವಾಲ್ವ್ ಎಲ್ಲ ಮುಚ್ಚಿ, ವಲಯದೊಳಗಿನ ಒಂದು ನಲ್ಲಿ ತೆರೆದು ಗೇಜ್ ನೋಡಿ. ಅಕ್ಕಪಕ್ಕದ ವಲಯದಲ್ಲಿ ಆಗ ನೀರಿನ ಒತ್ತಡ ಇರಬೇಕು. ಗೇಜ್ ಸೊನ್ನೆಗೆ ಬಂದು ನಿಂತರೆ ಸರಿ. ಬರದಿದ್ದರೆ ಎಲ್ಲೋ ಗೊತ್ತಿಲ್ಲದ ಜೋಡಣೆಯಿದೆ. ಎರಡು ವಲಯದ ನೀರು ಹೀಗೆ ಕಲೆತು ಹೋಗುವುದರಿಂದಲೇ ಎಷ್ಟೋ ಕಡೆ ಸರದಿ ತಪ್ಪುತ್ತದೆ. ಒಂದು ಬೀದಿಗೆ ಬಿಟ್ಟ ನೀರು ಪಕ್ಕದ ಬಡಾವಣೆಯ ತಗ್ಗಿಗೆ ಇಳಿದಿರುತ್ತದೆ.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳಲ್ಲಿ ದಿನವಿಡೀ ನೀರು ಕೊಡಲು ಆರಂಭಿಸಿದಾಗ ಮಾಡಿದ್ದೂ ಇದನ್ನೇ. ವಲಯವನ್ನು ಬೇರ್ಪಡಿಸಿ, ಒಳಗಿನ ಕೊಳವೆ, ಮನೆ ಸಂಪರ್ಕ ಹೊಸದಾಗಿ ಹಾಕಿ, ಪ್ರತಿ ಮನೆಗೆ ಮೀಟರ್ ಇಟ್ಟರು. ಸಣ್ಣ ಊರಿಗೆ ಒಮ್ಮೆಗೇ ಅಷ್ಟು ದುಡ್ಡು ಸಿಗದೇ ಇರಬಹುದು, ಆದರೆ ಒಂದು ವಲಯದಿಂದ ಶುರುಮಾಡಲು ಯಾವ ಅಡ್ಡಿಯೂ ಇಲ್ಲ.

ಸೋರಿಕೆ ಹುಡುಕುವುದು ರಾತ್ರಿ 2ರಿಂದ 4ರ ನಡುವೆ. ಸರದಿ ನೀರಿನ ಊರಿನಲ್ಲಿ ಇದಕ್ಕಾಗಿಯೇ ಒಂದು ವಲಯಕ್ಕೆ ಸಂಜೆಯಿಂದ ಬೆಳಗಿನವರೆಗೆ ನೀರು ಬಿಡಿ. ಮನೆಗಳ ಸಂಪು, ಟ್ಯಾಂಕು ತುಂಬಿ ನಲ್ಲಿಗಳು ಬಂದ್ ಆದ ಮೇಲೂ ಹರಿಯುವ ನೀರು ಬಹುಪಾಲು ಸೋರಿಕೆ, ಮಿಕ್ಕದ್ದು ಫ್ಲೋಟ್ ವಾಲ್ವ್ ಇಲ್ಲದ ಸಂಪುಗಳ ಉಕ್ಕು. ಬೀದಿ ವಾಲ್ವ್‌ಗಳನ್ನು ತುದಿಯಿಂದ ಒಂದೊಂದಾಗಿ ಮುಚ್ಚುತ್ತ ಬನ್ನಿ. ಯಾವ ವಾಲ್ವ್ ಮುಚ್ಚಿದಾಗ ಹರಿವು ದೊಡ್ಡದಾಗಿ ಇಳಿಯಿತೋ ಆ ಬೀದಿಯಲ್ಲಿ ಸೋರಿಕೆಯಿದೆ. ಅಲ್ಲಿ ಸ್ಟಾಪ್‌ಕಾಕ್‌ಗಳ ಮೇಲೆ ಕಬ್ಬಿಣದ ಸರಳು ಊರಿ ಕಿವಿಗೊಡಿ. ಐದು ಮಿಮೀ ತೂತು, 15 ಮೀಟರ್ ಒತ್ತಡ: ಗಂಟೆಗೆ 700 ಲೀಟರ್ ಮಿಕ್ಕಿ ಹೋಗುತ್ತದೆ. ಒತ್ತಡ 30 ಮೀಟರಿಗೆ ಏರಿದರೆ ಅದೇ ತೂತಿನಿಂದ ಸಾವಿರ ಲೀಟರ್.

ಹುಡುಕಿದಾಗ ಸಿಗುವುದು ದೊಡ್ಡ ಕೊಳವೆಯ ಬಿರುಕಿಗಿಂತ ಮನೆ ಸಂಪರ್ಕದ ಸೋರಿಕೆಯೇ ಹೆಚ್ಚು. ಬೀದಿ ಕೊಳವೆಗೆ ಸ್ಯಾಡಲ್ (ಕೊಳವೆಯ ಸುತ್ತ ಬಿಗಿಯುವ ಪಟ್ಟಿ) ಇಲ್ಲದೆ ತೂತು ಕೊರೆದು ಕೂರಿಸಿದ ಫೆರೂಲ್ (ಮನೆ ಸಂಪರ್ಕದ ಜೋಡಣೆ), ಅಲ್ಲಿಂದ ಹೊರಟ ಜಿಐ (ಸತು ಲೇಪಿತ ಕಬ್ಬಿಣದ) ಪೈಪು, ಆ ಪೈಪು ಮನೆಗೆ ಹೋಗಲು ಚರಂಡಿಯ ಮೂಲಕವೇ ದಾಟಿರುವುದು. ಕೊಚ್ಚೆಯಲ್ಲಿ ಮುಳುಗಿದ ಪೈಪು ತುಕ್ಕು ಹಿಡಿದು ಅಡಿಭಾಗದಲ್ಲಿ ತೂತಾಗಿರುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ನೀರು ಬರುವಾಗ ಅದು ಚರಂಡಿಗೆ ಸೋರುತ್ತದೆ, ನಿಂತಾಗ ಚರಂಡಿಯ ನೀರನ್ನು ಒಳಗೆಳೆಯುತ್ತದೆ. ಯಾರಾದರೂ ನಲ್ಲಿಗೆ ನೇರ ಮೋಟರ್ ಹಚ್ಚಿದರೆ ಹೀರುವಿಕೆ ಇನ್ನೂ ಜೋರು. ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಬರುವ ವಲಯ, ಸರದಿಯ ವಲಯ ಎರಡರ ನಲ್ಲಿ ನೀರನ್ನೂ ಹೋಲಿಸಿದ ಅಧ್ಯಯನದಲ್ಲಿ, ಸರದಿಯಲ್ಲಿ ಬರುವ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಹೆಚ್ಚು ಕಂಡುಬಂತು, ಅದರಲ್ಲೂ ನೀರು ಬಿಟ್ಟ ಮೊದಲ ಹೊತ್ತಿನಲ್ಲಿ. ಆದ್ದರಿಂದ ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಚರಂಡಿ ದಾಟುವ ಸಂಪರ್ಕಗಳನ್ನು ತೆಗೆಸಿ, ಚರಂಡಿಯ ತಳಕ್ಕಿಂತ ಕೆಳಗೆ ದೊಡ್ಡ ಕೊಳವೆಯ ತೋಳಿನೊಳಗೆ ಜೋಡಣೆಯಿಲ್ಲದ ಒಂದೇ ತುಂಡು ಎಂಡಿಪಿಇ (ಬಾಗುವ ಪ್ಲಾಸ್ಟಿಕ್) ಪೈಪು ಹಾಕಿ, ಬೀದಿ ಕೊಳವೆಗೆ ಸ್ಯಾಡಲ್ ಮೂಲಕ ಜೋಡಿಸಿ. ನೀರೂ ಉಳಿಯುತ್ತದೆ, ಮಕ್ಕಳ ವಾಂತಿಭೇದಿಯೂ ತಪ್ಪುತ್ತದೆ.

ಅನಧಿಕೃತ ಸಂಪರ್ಕಗಳನ್ನು ಕತ್ತರಿಸುವ ದಾಳಿ ಬಹುಕಾಲ ನಿಲ್ಲುವುದಿಲ್ಲ. ಕಡಿಮೆ ಶುಲ್ಕದಲ್ಲಿ, ಕಂತಿನಲ್ಲಿ ಸಕ್ರಮ ಮಾಡಿಕೊಟ್ಟರೆ ಪಟ್ಟಿ ಸರಿಯಾಗುತ್ತದೆ, ಜೋಡಣೆಯೂ ಸರಿಯಾಗುತ್ತದೆ.

ಕ್ಲೋರಿನ್

ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದ ಕ್ಲೋರಿನ್ ಇರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಟ್ಯಾಂಕಿನ ಬಳಿ ಅಳೆದು ಸಹಿ ಹಾಕುವುದರಿಂದ ಪ್ರಯೋಜನವಿಲ್ಲ. ಲೀಟರಿಗೆ 2 ಮಿಲಿಗ್ರಾಂ ಹಾಕುವುದಾದರೆ 27 ಲಕ್ಷ ಲೀಟರಿಗೆ 5.4 ಕೆಜಿ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಶೇ. 25ರಷ್ಟು ಕ್ಲೋರಿನ್ ಇದ್ದರೆ 21.6 ಕೆಜಿ ಪೌಡರ್. ಬಾಯಿ ಬಿಚ್ಚಿಟ್ಟ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ವರ್ಷದ ದಾಸ್ತಾನು ಒಮ್ಮೆಗೇ ತರಿಸಬೇಡಿ.

ವೇಳಾಪಟ್ಟಿ

ಇಷ್ಟಾದ ಮೇಲೆ ಸರದಿಯನ್ನು ಬರೆದು ಹಚ್ಚಿ. ಪಾಲಿಸಲು ಆಗುವಷ್ಟನ್ನೇ ಬರೆಯಿರಿ: ಐದು ದಿನಕ್ಕೊಮ್ಮೆ ಖಂಡಿತ ಕೊಡಬಲ್ಲೆವಾದರೆ ಮೂರು ದಿನ ಎಂದು ಬರೆಯಬೇಡಿ. ಮೂರು ತಿಂಗಳು ತಪ್ಪದೆ ನಡೆದರೆ ನಾಲ್ಕು ದಿನಕ್ಕೆ ಇಳಿಸಿ. ಪ್ರತಿ ವಲಯದ ಕೊನೆಯ ಮನೆಯೊಂದರ ನಲ್ಲಿಗೆ ತಿಂಗಳಿಗೊಮ್ಮೆ ಗೇಜ್ ಹಚ್ಚಿ ನೋಡಿ. ಒಂದಂತಸ್ತಿನ ಮನೆಗಳ ಬೀದಿಯಲ್ಲಿ 7 ಮೀಟರ್, ಅಂದರೆ ಚದರ ಸೆಂಟಿಮೀಟರಿಗೆ 0.7 ಕೆಜಿ ಒತ್ತಡ ಬೇಕು. ಅದಿಲ್ಲದಿದ್ದರೆ ಆ ವಲಯವನ್ನು ಎರಡು ಪಾಲು ಮಾಡಿ, ಎತ್ತರದ ಪಾಲಿಗೆ ಟ್ಯಾಂಕ್ ತುಂಬಿರುವಾಗ ಮೊದಲು ಬಿಡಿ.

ಪಂಪು ನಿಂತು ಸರದಿ ತಪ್ಪುವ ದಿನ ಬೆಳಿಗ್ಗೆ 8ರೊಳಗೆ ಆ ವಲಯದ ಜನರಿಗೆ ವಾಟ್ಸಾಪ್ ಗುಂಪಿನಲ್ಲಿ, ಆಟೋ ಮೈಕಿನಲ್ಲಿ ತಿಳಿಸಿ: ಯಾವ ಬೀದಿ, ಯಾಕೆ, ಮುಂದೆ ಯಾವಾಗ. ತಪ್ಪಿದ ವಲಯವನ್ನು ಮುಂದಿನ ಸುತ್ತಿನವರೆಗೆ ಕಾಯಿಸಬೇಡಿ. ಪಂಪು ಚಾಲೂ ಆದ ಕೂಡಲೇ ಮೊದಲ ನೀರು ಅವರಿಗೆ, ಉಳಿದವರ ಸರದಿ ಅಷ್ಟು ಗಂಟೆ ಮುಂದಕ್ಕೆ ಹೋಗಲಿ. ಈ ನಿಯಮವನ್ನು ವಾಲ್ವ್‌ಮನ್ ಕಾರ್ಡಿನ ಮೇಲೂ ಅಚ್ಚು ಹಾಕಿಸಿ. ಬೀದಿಯಲ್ಲಿ ಯಾರಾದರೂ ಒತ್ತಡ ಹಾಕಿದಾಗ ಅವರು ತೋರಿಸಲು ಕೈಯಲ್ಲಿ ಕಾಗದವಿರಬೇಕು.